ಮಾರ್ಪಾಡಿಗೆ ಕೊಟ್ಟ ಸಿಡಿ ಪ್ಲೇಯರ್ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಸರ್ವಿಸ್ ವಿಭಾಗ

ವಿಷಯ: ಪರೀಕ್ಷೆ ಮಾಡದೆ ಬಿಡಿಭಾಗ ಬದಲಾಯಿಸಿದ್ದು, ಮೂಲ ದೋಷ ಹಾಗೇ ಉಳಿದಿದ್ದು

ಮಾನ್ಯರೇ,

ನನ್ನ ಸಿಡಿ ಪ್ಲೇಯರ್ ನಿಮ್ಮಲ್ಲಿಂದ ವಾಪಸ್ ಬಂದು ಇವತ್ತಿಗೆ ಮೂರು ವಾರ. ಈ ನಡುವೆ ದೂರು ಹೇಳಲು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಸಿಕ್ಕಿದ ಉತ್ತರ ಒಂದೇ: "ಸರ್, ಬಂದ ದಿನ ನೀವೇ ತುಂಬ ಚೆನ್ನಾಗಿದೆ ಅಂದಿದ್ರಲ್ಲ." ಹೌದು, ಅಂದಿದ್ದೆ. ಆ ಮಾತನ್ನು ಈಗ ಯಾಕೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಅಂತ ಬರೆದೇ ತಿಳಿಸಬೇಕಾಗಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ನಾನು ನಿಮ್ಮಲ್ಲಿ ಕೇಳಿದ್ದು ಏನು ಅಂತ ಮೊದಲು ನೆನಪಿಸುತ್ತೇನೆ. ಪ್ಲೇಯರ್ ಜೊತೆ ಒಂದು ಚೀಟಿ ಇಟ್ಟಿದ್ದೆ. ಅದರಲ್ಲಿ ಎರಡು ತೊಂದರೆ ಬರೆದಿದ್ದೆ. ಒಂದು, ಬಲಗಡೆಯ ದನಿ ಎಡಗಡೆಗಿಂತ ಸ್ವಲ್ಪ ಕಡಿಮೆ, ಹಾಡುವವರು ದನಿ ಏರಿಸಿದಾಗ ಬಲಗಡೆ ಮಾತ್ರ ಒರಟಾಗುತ್ತದೆ. ಇನ್ನೊಂದು, ಒಂದು ಗಂಟೆಗಿಂತ ಉದ್ದದ ಡಿಸ್ಕ್ ಹಾಕಿದರೆ ಕೊನೆಯ ಹಾಡುಗಳು ಹಾರುತ್ತವೆ. ಅದರ ಕೆಳಗೆ ಗೆರೆ ಎಳೆದು ಬರೆದಿದ್ದೆ: "ದಯವಿಟ್ಟು ಮೊದಲು ಪರೀಕ್ಷಿಸಿ. ಅಳತೆಗಳನ್ನು ತಿಳಿಸಿ. ಏನು ಬದಲಾಯಿಸಬೇಕು ಅಂತ ಮಾತಾಡಿಕೊಂಡ ಮೇಲೆ ಕೆಲಸ ಶುರು ಮಾಡಿ." ಆ ಚೀಟಿ ಪ್ಲೇಯರ್ ಜೊತೆಗೇ ವಾಪಸ್ ಬಂತು, ನಾನು ಮಡಿಸಿದ್ದ ಹಾಗೇ. ಅಳತೆಯ ಹಾಳೆ ಬರಲಿಲ್ಲ. ನಡುವೆ ಯಾರೂ ಫೋನ್ ಮಾಡಲಿಲ್ಲ. ಬಂದಿದ್ದು ಬಿಲ್ ಮಾತ್ರ. ಅದರಲ್ಲಿ ಹೊಸ ಆಪ್‌ಆಂಪ್ (ದನಿಯ ಸಿಗ್ನಲ್ ಬಲಪಡಿಸುವ ಚಿಪ್), ಔಟ್‌ಪುಟ್‌ಗೆ ಫಿಲ್ಮ್ ಕೆಪಾಸಿಟರ್, ಹೊಸ ಕ್ಲಾಕ್ ಬೋರ್ಡ್ (ಪ್ಲೇಯರ್‌ಗೆ ತಾಳ ಕೊಡುವ ಭಾಗ), ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಅಂತ ಇತ್ತು.

ಮೊದಲ ದಿನ ಸಂಜೆ ಹಾಕಿ ಕೇಳಿದಾಗ ಖುಷಿಯಾಯಿತು. ದನಿ ಮುಂದೆ ಬಂದು ನಿಂತ ಹಾಗಿತ್ತು. ತಬಲಾ ಪೆಟ್ಟು ಚುರುಕಾಗಿತ್ತು. ಆ ಖುಷಿಯಲ್ಲೇ ನಿಮಗೆ ಫೋನ್ ಮಾಡಿದೆ. ಮೂರನೇ ದಿನದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಆಂಪ್ಲಿಫೈಯರ್‌ನ ವಾಲ್ಯೂಮ್ ನಾಬನ್ನು ಮೊದಲಿನಷ್ಟು ತಿರುಗಿಸಬೇಕಾಗಿಯೇ ಇರಲಿಲ್ಲ. ಅದೇ ಆಂಪ್, ಅದೇ ಸ್ಪೀಕರ್, ಅದೇ ಡಿಸ್ಕ್. ಪ್ಲೇಯರ್ ಮಾತ್ರ ಜಾಸ್ತಿ ಜೋರಾಗಿತ್ತು.

ಆಗ ಅಳತೆ ತೆಗೆದೆ. ನನ್ನ ಹತ್ತಿರ ಅಳತೆಯ ಟೋನ್‌ಗಳಿರುವ ಟೆಸ್ಟ್ ಡಿಸ್ಕ್ ಇದೆ, ಮಲ್ಟಿಮೀಟರ್ ಇದೆ. ಸಾಮಾನ್ಯ ಮಲ್ಟಿಮೀಟರ್ 1 ಕಿಲೋಹರ್ಟ್ಸ್‌ನಲ್ಲಿ ಸರಿಯಾಗಿ ತೋರಿಸುತ್ತದೆ ಅಂತ ನಂಬಲು ಆಗಲ್ಲ, ಹಾಗಾಗಿ 400 ಹರ್ಟ್ಸ್ ಟೋನ್ ಹಾಕಿದೆ. ಕಳಿಸುವ ಮುಂಚೆಯೂ ಇದೇ ರೀತಿ, ಆಂಪ್ ಜೋಡಿಸಿಯೇ ಅಳೆದು ಬರೆದಿಟ್ಟಿದ್ದೆ. ಪೂರ್ಣ ಮಟ್ಟದ ಟೋನ್‌ಗೆ ಆಗ ಎಡ 2.02 ವೋಲ್ಟ್, ಬಲ 1.78 ವೋಲ್ಟ್ ಇತ್ತು. ಈಗ ಎಡ 2.85, ಬಲ 2.38.

ಈ ನಾಲ್ಕು ಅಂಕಿಗಳನ್ನು ಒಮ್ಮೆ ನೋಡಿ. ಸಿಡಿ ಪ್ಲೇಯರ್‌ಗಳಲ್ಲಿ ವಾಡಿಕೆಯ ಮಟ್ಟ ಸುಮಾರು 2 ವೋಲ್ಟ್. ಎಡಗಡೆ ಮೊದಲು ಅಷ್ಟೇ ಇತ್ತು, ಸರಿಯಾಗೇ ಇತ್ತು. ನೀವು ಅದನ್ನು ಹತ್ತಿರ ಹತ್ತಿರ 3 ಡೆಸಿಬೆಲ್ ಏರಿಸಿದ್ದೀರಿ. ಮುಚ್ಚಳ ತೆಗೆದು ಸರ್ವಿಸ್ ಮ್ಯಾನುವಲ್ ಜೊತೆ ಇಟ್ಟು ನೋಡಿದೆ. ಆಪ್‌ಆಂಪ್ ಪಕ್ಕದಲ್ಲಿ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚಬೇಕು ಅಂತ ನಿರ್ಧರಿಸುವ ರೆಸಿಸ್ಟರ್‌ಗಳೇ ಬದಲಾಗಿವೆ, ಎರಡೂ ಕಡೆ. ಬಿಲ್‌ನಲ್ಲಿ ಇದರ ಸುದ್ದಿಯೇ ಇಲ್ಲ.

ಜೋರಾಗಿ ಕೇಳಿಸಿದ್ದು ಚೆನ್ನಾಗಿ ಕೇಳಿಸುತ್ತದೆ. ನಮ್ಮ ಕಿವಿ ಇರುವುದೇ ಹಾಗೆ. ಒಂದು ಡೆಸಿಬೆಲ್ ವ್ಯತ್ಯಾಸ ಇದ್ದರೂ ಹೆಚ್ಚಿನವರಿಗೆ "ಇದು ಜೋರು" ಅಂತ ಅನ್ನಿಸುವುದಿಲ್ಲ, "ಇದು ಸ್ಪಷ್ಟ, ಇದರಲ್ಲಿ ಜೀವ ಇದೆ" ಅಂತ ಅನ್ನಿಸುತ್ತದೆ. ಅದಕ್ಕೇ ಎರಡು ಯಂತ್ರ ಹೋಲಿಸುವವರು ಮೊದಲು ಎರಡರ ಮಟ್ಟವನ್ನೂ 0.1 ಡೆಸಿಬೆಲ್‌ವರೆಗೆ ಸಮ ಮಾಡಿಕೊಳ್ಳುತ್ತಾರೆ. ಈ ಕೆಲಸದಲ್ಲಿ ಇರುವ ನಿಮಗೆ ಇದು ಗೊತ್ತಿರಲೇಬೇಕು. ಗೊತ್ತಿದ್ದೂ ಗೇನ್ ಏರಿಸಿ, ಅದನ್ನು ಆಪ್‌ಆಂಪ್‌ನ ಗುಣ ಅಂತ ನನಗೆ ಹೇಳಿದಿರಿ. ನನಗೆ ಅತಿ ಹೆಚ್ಚು ನೋವಾಗಿದ್ದು ಇದರಿಂದಲೇ.

ಮಟ್ಟ ಸಮ ಮಾಡಿ ಕೇಳಿದರೆ ಏನಾಗುತ್ತದೆ ಅಂತಲೂ ನೋಡಿದೆ. ಕಳಿಸುವ ಮುಂಚೆ ಮೂರು ಹಾಡನ್ನು ಪ್ಲೇಯರ್‌ನ ಔಟ್‌ಪುಟ್‌ನಿಂದ ಕಂಪ್ಯೂಟರ್‌ಗೆ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೆ. ಈಗ ಅದೇ ಹಾಡು, ಅದೇ ಕೇಬಲ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. ಎರಡರ ಮಟ್ಟ ಸರಿಹೊಂದಿಸಿ ಮಗಳ ಕೈಗೆ ಕೊಟ್ಟೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಹೇಳದೆ, ಅವಳಿಗೆ ತೋಚಿದ ಕ್ರಮದಲ್ಲಿ ಹತ್ತು ಸಲ ಜೋಡಿ ಜೋಡಿಯಾಗಿ ಹಾಕಿದಳು. ನಾನು ಅವಳಿಗೆ ಬೆನ್ನು ಹಾಕಿ ಕೂತಿದ್ದೆ. ಚೆನ್ನಾಗಿರುವುದು ಅಂತ ನಾನು ಆರಿಸಿದ್ದು ಎಂಟು ಸಲ ಹಳೆಯದೇ ಆಗಿತ್ತು. ಅವಳು ಕ್ರಮ ಬರೆದಿಟ್ಟ ಚೀಟಿ ತೋರಿಸಿದಾಗ ನನಗೆ ತುಂಬ ಬೇಜಾರಾಯಿತು.

ಯಾಕೆ ಹಾಗಾಯಿತು ಅಂತ ಹುಡುಕಿದೆ. ಮೊದಲು ಸಿಕ್ಕಿದ್ದು ಬೇಸ್. ತಂಬೂರಿಯ ಕೆಳಗಿನ ತಂತಿ, ದೊಡ್ಡ ಡೋಲಿನ ಗುಂಯ್ ಅನ್ನುವ ಶಬ್ದ ತೆಳ್ಳಗಾಗಿತ್ತು. ಔಟ್‌ಪುಟ್‌ನಲ್ಲಿ, ಡಿಸಿ ತಡೆದು ಸಂಗೀತದ ಸಿಗ್ನಲ್ ಮಾತ್ರ ಹೊರಬಿಡುವ ಜಾಗದಲ್ಲಿ, ಮೊದಲು 47 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇತ್ತು. ನೀವು ಅಲ್ಲಿ 0.47 ಮೈಕ್ರೊಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದ್ದೀರಿ. ನೋಡಲು ದಪ್ಪಗೆ, ಚೆಂದ ಇದೆ. ಬೆಲೆಯೂ ಜಾಸ್ತಿ. ಆದರೆ ಸಾಮರ್ಥ್ಯ ನೂರರಲ್ಲಿ ಒಂದು ಪಾಲು. ನನ್ನ ಆಂಪ್‌ನ ಇನ್‌ಪುಟ್‌ನ ತಡೆ 10 ಕಿಲೋಓಮ್. ಇದನ್ನೂ ಚೀಟಿಯಲ್ಲಿ ಬರೆದಿದ್ದೆ. 0.47 ಮೈಕ್ರೊಫ್ಯಾರಡ್‌ಗೆ 10 ಕಿಲೋಓಮ್ ಸೇರಿದರೆ 34 ಹರ್ಟ್ಸ್ ಹತ್ತಿರವೇ 3 ಡೆಸಿಬೆಲ್ ಇಳಿದುಹೋಗುತ್ತದೆ, ಅದರ ಕೆಳಗೆ ಇನ್ನೂ ಇಳಿಯುತ್ತದೆ. ಹಳೆಯ ಕೆಪಾಸಿಟರ್‌ನಲ್ಲಿ ಆ ಗಡಿ ಅರ್ಧ ಹರ್ಟ್ಸ್‌ಗಿಂತ ಕೆಳಗಿತ್ತು. ಲೆಕ್ಕ ಮಾತ್ರ ನೆಚ್ಚಿ ಕೂರಲಿಲ್ಲ, ಅಳೆದೂ ನೋಡಿದೆ. ಎಡಗಡೆ 400 ಹರ್ಟ್ಸ್‌ಗೆ 2.85 ವೋಲ್ಟ್ ಬರುವಲ್ಲಿ 40 ಹರ್ಟ್ಸ್‌ಗೆ ಬಂದಿದ್ದು 2.17. ಆಂಪ್‌ನ ಕೇಬಲ್ ಕಿತ್ತು ಮೀಟರ್ ಮಾತ್ರ ಇಟ್ಟರೆ ಎರಡೂ ಟೋನ್ ಹೆಚ್ಚುಕಡಿಮೆ ಒಂದೇ. ನಿಮ್ಮ ಟೇಬಲ್ ಮೇಲೆ ಆಂಪ್ ಇಲ್ಲದೆ ನೋಡಿದ್ದರೆ ಎಲ್ಲ ಸರಿಯಾಗಿ ಕಂಡಿರಬಹುದು. ಆದರೆ ಪ್ಲೇಯರ್‌ನ ಪಾಡಿಗೆ ಪ್ಲೇಯರ್ ಇಟ್ಟುಕೊಂಡು ಯಾರೂ ಹಾಡು ಕೇಳಲ್ಲ, ಅಲ್ವಾ?

ಎಲೆಕ್ಟ್ರೊಲಿಟಿಕ್ ದನಿ ಕೆಡಿಸುತ್ತದೆ ಅಂತ ನಿಮ್ಮವರು ಹೇಳಿದರು. ಚಿಕ್ಕದನ್ನು ಹಾಕಿ, ಅದರ ಎರಡು ತುದಿಗಳ ನಡುವೆ ಸಂಗೀತದ ವೋಲ್ಟೇಜ್ ಬೀಳುವ ಹಾಗಿದ್ದರೆ ಕೆಡಿಸುತ್ತದೆ. 47 ಮೈಕ್ರೊಫ್ಯಾರಡ್ ಇದ್ದಲ್ಲಿ ಬೀಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಫಿಲ್ಮೇ ಬೇಕು ಅಂದರೂ 4.7 ಮೈಕ್ರೊಫ್ಯಾರಡ್‌ನದ್ದು ಹಾಕಬಹುದಿತ್ತು. ಒಳಗೆ ಜಾಗ ಇದೆ.

ಮುಂದಿನದು ಆಪ್‌ಆಂಪ್. ಈ ಪ್ಲೇಯರ್‌ನಲ್ಲಿ ಮೊದಲು ಎಡಕ್ಕೊಂದು ಬಲಕ್ಕೊಂದು ಎನ್‌ಇ5532 ಇತ್ತು. ಹಳೆಯ ಚಿಪ್, ನಿಜ. ಆದರೆ ಕೆಟ್ಟ ಚಿಪ್ ಅಲ್ಲ. ಎಷ್ಟೋ ಸ್ಟುಡಿಯೋಗಳ ಮಿಕ್ಸರ್‌ನಲ್ಲಿ ಅದೇ ಇದೆ. ನಾವು ಕೇಳುವ ಎಷ್ಟೋ ಹಾಡು ಡಿಸ್ಕ್‌ಗೆ ಬರುವ ಮುಂಚೆಯೇ ಅಂಥ ಹತ್ತಾರು ಚಿಪ್ ದಾಟಿ ಬಂದಿರುತ್ತವೆ. ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ವೇಗದ ಚಿಪ್ ಹಾಕಿದರೆ ಅದಕ್ಕೆ ತಕ್ಕ ಹಾಗೆ ಸಪ್ಲೈ ಕಾಲುಗಳ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೇಕು. ಇಲ್ಲದಿದ್ದರೆ ಚಿಪ್ ತನ್ನಷ್ಟಕ್ಕೆ ತಾನೇ ಕಿವಿಗೆ ಕೇಳದಷ್ಟು ಎತ್ತರದಲ್ಲಿ ಕಂಪಿಸಲು ಶುರು ಮಾಡುತ್ತದೆ. ನೀವು ಚಿಪ್ಪನ್ನು ಅಡಾಪ್ಟರ್ ಮೇಲೆ, ಉದ್ದ ಕಾಲುಗಳ ಮೇಲೆ ನಿಲ್ಲಿಸಿದ್ದೀರಿ. ಸೆರಾಮಿಕ್ ಎಲ್ಲೂ ಕಾಣಲಿಲ್ಲ. ಪ್ಲೇಯರ್ ಹತ್ತು ನಿಮಿಷ ಓಡಿದ ಮೇಲೆ ಬೆರಳಿಟ್ಟು ನೋಡಿದೆ. ಎಡಗಡೆಯ ಚಿಪ್ ಉಗುರುಬೆಚ್ಚಗಿತ್ತು. ಬಲಗಡೆಯದರ ಮೇಲೆ ಮೂರು ಎಣಿಸುವಷ್ಟು ಹೊತ್ತೂ ಬೆರಳು ನಿಲ್ಲಲಿಲ್ಲ. ಡಿಸ್ಕ್ ನಿಲ್ಲಿಸಿದಾಗಲೂ ಬಲಗಡೆ ಸ್ಪೀಕರ್‌ನಲ್ಲಿ ಸುಯ್ ಅನ್ನುವ ಶಬ್ದ ಇದೆ. ಮೊದಲು ಇರಲಿಲ್ಲ.

ಇನ್ನು ನಾನು ಚೀಟಿಯಲ್ಲಿ ಬರೆದ ಎರಡು ದೋಷಗಳ ವಿಷಯ. ಎರಡೂ ಹಾಗೇ ಇವೆ.

ಬಲಗಡೆಯ ದನಿ ಮೊದಲು ಸುಮಾರು ಒಂದು ಡೆಸಿಬೆಲ್ ಕಡಿಮೆ ಇತ್ತು, ಈಗ ಒಂದೂವರೆ ಕಡಿಮೆ. ಅಂದರೆ ರಿಪೇರಿಗೆ ಹೋಗಿ ದೋಷ ಬೆಳೆದು ಬಂದಿದೆ. ಆಪ್‌ಆಂಪ್, ಕೆಪಾಸಿಟರ್, ರೆಸಿಸ್ಟರ್ ಎಲ್ಲ ಹೊಸದಾದ ಮೇಲೂ ದೋಷ ಉಳಿದಿದೆ ಅಂದರೆ ಅದು ಅವುಗಳಲ್ಲಿ ಇರಲೇ ಇಲ್ಲ. ಉಳಿದಿದ್ದು ಮ್ಯೂಟ್ ಟ್ರಾನ್ಸಿಸ್ಟರ್. ಪ್ಲೇಯರ್ ಆನ್ ಆಗುವಾಗ, ಹಾಡು ಬದಲಾಗುವಾಗ ಟಪ್ ಅನ್ನುವ ಶಬ್ದ ಬರದಿರಲಿ ಅಂತ ಔಟ್‌ಪುಟ್ಟನ್ನು ಕ್ಷಣಕಾಲ ಗ್ರೌಂಡ್‌ಗೆ ಎಳೆಯುವ ಪುಟ್ಟ ಭಾಗ ಅದು. ಹಳೆಯದಾದರೆ ಹಾಡು ನಡೆಯುವಾಗಲೂ ಸ್ವಲ್ಪ ಎಳೆಯುತ್ತದೆ. ಮಟ್ಟ ಜಾಸ್ತಿಯಾದಷ್ಟೂ ಹೆಚ್ಚು ಎಳೆಯುತ್ತದೆ. ಅದಕ್ಕೇ ಏರು ದನಿಯಲ್ಲಿ ಒರಟು, ಅದಕ್ಕೇ ನೀವು ಗೇನ್ ಏರಿಸಿದ ಮೇಲೆ ಇನ್ನೂ ಒರಟು. ಬಲಗಡೆಯ ಆ ಟ್ರಾನ್ಸಿಸ್ಟರ್‌ನ ಒಂದೇ ಒಂದು ಕಾಲನ್ನು ಬೋರ್ಡ್‌ನಿಂದ ಬಿಡಿಸಿ ಮತ್ತೆ ಅಳೆದೆ. ಮೀಟರ್ 2.38ರಿಂದ 2.84ಕ್ಕೆ ಹೋಗಿ ನಿಂತಿತು. ಎಡಗಡೆಗೆ ಸಮ. ಒರಟುತನವೂ ಹೋಯಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಭಾಗ ಅದು. ನಿಮ್ಮಲ್ಲಿ ಸಿಗ್ನಲ್‌ನ ಅಲೆ ತೋರಿಸುವ ಆಸಿಲೋಸ್ಕೋಪ್ ಇದೆ, ನನ್ನಲ್ಲಿಲ್ಲ. ಅದಕ್ಕೇ ನಿಮಗೆ ಕಳಿಸಿದ್ದು. ಒಂದು ಟೋನ್ ಹಾಕಿ ನೋಡಿದ್ದರೆ ಐದು ನಿಮಿಷದಲ್ಲಿ ಕಾಣುತ್ತಿತ್ತು.

ಹಾಡು ಹಾರುವುದಕ್ಕೆ ಹೊಸ ಕ್ಲಾಕ್ ಹಾಕಿದ್ದೇವೆ, ಇನ್ನು ಹಾರಲ್ಲ ಅಂತ ಹೇಳಿದಿರಿ. ಇದು ನನಗೆ ಅರ್ಥವೇ ಆಗಲಿಲ್ಲ. ಲೆನ್ಸ್ ಓದಿದ ಮಾಹಿತಿ ಮೊದಲು ಮೆಮೊರಿಯಲ್ಲಿ ಕೂತು, ಆಮೇಲೆ ಕ್ಲಾಕ್‌ನಲ್ಲಿರುವ ಕ್ರಿಸ್ಟಲ್‌ನ ತಾಳಕ್ಕೆ ಸರಿಯಾಗಿ ಹೊರಗೆ ಬರುತ್ತದೆ. ಲೆನ್ಸ್ ದಾರಿ ತಪ್ಪಿದರೆ 16.9344 ಮೆಗಾಹರ್ಟ್ಸ್‌ನ ಎಂಥ ಒಳ್ಳೆಯ ಕ್ರಿಸ್ಟಲ್ ಇದ್ದರೂ ಏನೂ ಮಾಡಲಾಗದು. ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ. ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿಗೆ ಬರುವಷ್ಟರಲ್ಲಿ ಸುಮಾರು 200. ಒಂದು ಸಾಲಿನಿಂದ ಪಕ್ಕದ ಸಾಲಿಗೆ ಇರುವ ಅಂತರ 1.6 ಮೈಕ್ರೊಮೀಟರ್ ಮಾತ್ರ. ಲೆನ್ಸನ್ನು ಹೊತ್ತ ಗಾಡಿ ಕಂಬಿಯ ಮೇಲೆ ಜಾರುತ್ತಾ ಅಂಚಿನವರೆಗೆ ಹೋಗಬೇಕು. ಉದ್ದದ ಡಿಸ್ಕ್‌ನ ಕೊನೆಯಲ್ಲಿ ಮಾತ್ರ ತೊಂದರೆ ಅಂದರೆ ಮೊದಲು ನೋಡಬೇಕಾದ್ದು ಆ ಕಂಬಿಯನ್ನು. ಟಾರ್ಚ್ ಹಿಡಿದು ನೋಡಿದೆ. ಹೊರ ತುದಿಯಲ್ಲಿ ಗ್ರೀಸ್ ಕಂದುಬಣ್ಣಕ್ಕೆ ತಿರುಗಿ ಅಂಟಿನ ಹಾಗೆ ಗಟ್ಟಿಯಾಗಿದೆ. ಅದರಲ್ಲಿ ಒಂದು ಕೂದಲೂ ಸಿಕ್ಕಿಕೊಂಡಿದೆ. ನಾನು ಅದನ್ನು ಮುಟ್ಟಿಲ್ಲ. ಫೋಟೋ ತೆಗೆದು ಈ ಪತ್ರದ ಜೊತೆ ಇಟ್ಟಿದ್ದೇನೆ.

ಒಳ್ಳೆಯದನ್ನೂ ಹೇಳಬೇಕು. ಪವರ್ ಸಪ್ಲೈನ ಹಳೆಯ ಕೆಪಾಸಿಟರ್‌ಗಳನ್ನು ಬದಲಾಯಿಸಿದ್ದು ಸರಿಯಾದ ಕೆಲಸ. ಅವು ಒಣಗುವ ವಯಸ್ಸಿನವು. 105 ಡಿಗ್ರಿ ಶಾಖ ತಾಳುವವನ್ನೇ ಹಾಕಿದ್ದೀರಿ. ಸೋಲ್ಡರಿಂಗ್ ಅಚ್ಚುಕಟ್ಟಾಗಿದೆ. ಆ ಕೈಗಳ ಬಗ್ಗೆ ನನಗೆ ಗೌರವ ಇದೆ. ಅಷ್ಟು ಚೆನ್ನಾಗಿ ಕೆಲಸ ಬಲ್ಲವರು ಶುರುವಿಗೆ ಒಂದು ಗಂಟೆ ಕೂತು ಕೇಳಿ, ಅಳೆದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ದಿನಾ ರಾತ್ರಿ ಕೇಳುವ ಯಂತ್ರ ಇದು. ನನ್ನ ಮಟ್ಟಿಗೆ ಸುಮ್ನೆ ಒಂದು ಪೆಟ್ಟಿಗೆ ಅಲ್ಲ.

ಮುಚ್ಚಳದ ಸೀಲ್ ತೆಗೆದವನು ನಾನೇ. ಒಪ್ಪುತ್ತೇನೆ. ಎರಡು ಫೋನಿಗೂ ಸರಿಯಾದ ಉತ್ತರ ಸಿಗದ ಮೇಲೆ ತೆಗೆದೆ. ಟ್ರಾನ್ಸಿಸ್ಟರ್‌ನ ಆ ಒಂದು ಕಾಲು ಬಿಟ್ಟು ಬೇರೇನೂ ಕದಲಿಸಿಲ್ಲ.

ಈಗ ನನಗೆ ಬೇಕಾದ್ದು ಇಷ್ಟು. ಪ್ಲೇಯರನ್ನು ನಿಮ್ಮ ಖರ್ಚಿನಲ್ಲಿ ತರಿಸಿಕೊಳ್ಳಿ. ಎರಡೂ ಕಡೆಯ ಮ್ಯೂಟ್ ಟ್ರಾನ್ಸಿಸ್ಟರ್ ಹೊಸದು ಹಾಕಿ, ಗೇನ್ ರೆಸಿಸ್ಟರ್‌ಗಳನ್ನು ಮ್ಯಾನುವಲ್‌ನಲ್ಲಿ ಇರುವ ಓಮ್ ಅಳತೆಗೇ ತನ್ನಿ. ಔಟ್‌ಪುಟ್‌ಗೆ 47 ಮೈಕ್ರೊಫ್ಯಾರಡ್‌ನ ಹೊಸ ಎಲೆಕ್ಟ್ರೊಲಿಟಿಕ್ ಹಾಕಿ. ಹಳೆಯ ಎನ್‌ಇ5532 ಎರಡನ್ನೂ ಅವುಗಳ ಜಾಗದಲ್ಲೇ ಕೂರಿಸಿ. ಕಂಬಿ ಒರೆಸಿ ಹೊಸ ಗ್ರೀಸ್ ಹಚ್ಚಿ, ಲೆನ್ಸ್ ಶುಚಿ ಮಾಡಿ, ಒಂದು ಗಂಟೆಗಿಂತ ಉದ್ದದ ಡಿಸ್ಕ್ ಪೂರ್ತಿ ಓಡಿಸಿ ನೋಡಿ. ತೆಗೆದ ಭಾಗಗಳನ್ನೆಲ್ಲ ಒಂದು ಕವರ್‌ನಲ್ಲಿ ಹಾಕಿ ನನಗೆ ವಾಪಸ್ ಕೊಡಿ. ಆಪ್‌ಆಂಪ್, ಫಿಲ್ಮ್ ಕೆಪಾಸಿಟರ್, ಕ್ಲಾಕ್ ಬೋರ್ಡ್, ಈ ಮೂರರ ಹಣ ಮತ್ತು ಅವುಗಳ ಕೂಲಿ ಹಿಂದಿರುಗಿಸಿ. ಪವರ್ ಸಪ್ಲೈ ಕೆಲಸದ ಹಣ ನಿಮ್ಮದೇ, ಅದನ್ನು ಕೇಳುವುದಿಲ್ಲ. ಕಂಬಿ ಮತ್ತು ಟ್ರಾನ್ಸಿಸ್ಟರ್ ಕೆಲಸಕ್ಕೆ ನ್ಯಾಯವಾಗಿ ಏನಾಗುತ್ತದೋ ಅದನ್ನೂ ಕೊಡುತ್ತೇನೆ.

ಜೊತೆಗೆ ಅಳತೆಯ ಹಾಳೆ ಬೇಕೇ ಬೇಕು. 40 ಹರ್ಟ್ಸ್, 400 ಹರ್ಟ್ಸ್, 10 ಕಿಲೋಹರ್ಟ್ಸ್‌ಗೆ ಎಡ ಮತ್ತು ಬಲದ ವೋಲ್ಟೇಜ್, 10 ಕಿಲೋಓಮ್ ಲೋಡ್ ಹಾಕಿ ತೆಗೆದದ್ದು. ಕೆಲಸಕ್ಕೆ ಕೈ ಹಾಕುವ ಮುಂಚಿನದೊಂದು, ಮುಗಿದ ಮೇಲಿನದೊಂದು.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ನನ್ನ ಅಳತೆಗಳು, ಬಿಲ್‌ನ ಪ್ರತಿ, ಚೀಟಿಯ ಪ್ರತಿ, ಕಂಬಿಯ ಫೋಟೋ ಜೊತೆಗಿವೆ. ನಿಮ್ಮ ಟೆಕ್ನಿಷಿಯನ್ ನೇರವಾಗಿ ಮಾತಾಡಬೇಕು ಅಂದರೆ ಸಂಜೆ ಆರರ ಮೇಲೆ ಫೋನ್ ಮಾಡಲಿ. ಮೀಟರ್ ಪಕ್ಕದಲ್ಲೇ ಇಟ್ಟುಕೊಂಡು ಮಾತಾಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ