ಉಳಿದಿರುವ ಶ್ರವಣವೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಒಳಗಿವಿಯ ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು ಶಬ್ದ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಾಧನದ ಶಸ್ತ್ರಚಿಕಿತ್ಸೆಯಿಂದ ಕಿವಿ ಕೇಳಿಸುವಂತಾದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿ ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅಲ್ಪಸ್ವಲ್ಪ ಉಳಿದಿದ್ದ ಸಹಜ ಶ್ರವಣ ಆಮೇಲೆ ಏನಾಯಿತು ಎಂಬ ಮಾತನ್ನು ಆ ವರದಿಗಳಲ್ಲಿ ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರೆ ಬೇರೆಯವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಮೂವತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂತು. ಅವಳ ಹಳೆಯ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಈಗಲೂ ನನ್ನ ಬಳಿ ಇದೆ. ಅದರಲ್ಲಿ ಹರ್ಟ್ಸ್ ಎಂದರೆ ಶಬ್ದದ ಸ್ಥಾಯಿ, ಡೆಸಿಬೆಲ್ ಎಂದರೆ ಅದು ಕೇಳಿಸಲು ಎಷ್ಟು ಜೋರಾಗಿರಬೇಕು ಎಂಬುದು; ಡೆಸಿಬೆಲ್ ಹೆಚ್ಚಿದಷ್ಟೂ ಕಿವುಡು ಹೆಚ್ಚು: 250 ಹರ್ಟ್ಸ್‌ನಲ್ಲಿ 35 ಡೆಸಿಬೆಲ್, 500ರಲ್ಲಿ 45, ಅಲ್ಲಿಂದಾಚೆಗೆ ಗೆರೆ ಬಾವಿಗೆ ಬಿದ್ದಂತೆ ಇಳಿದು, 2000 ಹರ್ಟ್ಸ್‌ನಲ್ಲಿ 95ನ್ನು ಮುಟ್ಟುತ್ತದೆ. ಸ್ವರಗಳು ಕೇಳುತ್ತಿದ್ದವು, ವ್ಯಂಜನಗಳು ಜಾರಿಹೋಗುತ್ತಿದ್ದವು. ‘ಹಾಲು’, ‘ಸಾಲು’, ‘ಕಾಲು’ ಎಂದರೆ ಮೂರರಲ್ಲೂ ಅವಳ ಕಿವಿಗೆ ಬೀಳುತ್ತಿದ್ದುದು ‘ಆಲು’ ಮಾತ್ರ. ಶ್ರವಣಯಂತ್ರದ ಶಬ್ದ ಏರಿಸಿದರೆ ಗದ್ದಲ ಹೆಚ್ಚುತ್ತಿತ್ತೇ ಹೊರತು ಮಾತು ತಿಳಿಯಾಗುತ್ತಿರಲಿಲ್ಲ. ಹಾಗಾಗಿ ಇಂಪ್ಲಾಂಟ್ ಹಾಕಿಸಬೇಕೆಂಬ ವೈದ್ಯರ ಸಲಹೆ ಸರಿಯಾಗಿಯೇ ಇತ್ತು. ಆದರೆ ಆಸ್ಪತ್ರೆಯಲ್ಲಿ ನಮ್ಮೊಂದಿಗೆ ಚರ್ಚೆಯಾದದ್ದು ಕಂಪನಿ ಮತ್ತು ಬೆಲೆಯ ವಿಷಯ ಮಾತ್ರ. ಒಳಗಿವಿಗೆ ತೂರಿಸುವ ತಂತಿಯಂತಹ ಎಲೆಕ್ಟ್ರೋಡಿನಲ್ಲೇ ಹಲವು ಬಗೆಗಳಿವೆಯೆಂದು ನಮಗೆ ತಿಳಿದದ್ದು ಆಪರೇಷನ್ ಆದ ಮೇಲೆ, ಯಂತ್ರ ತೆಗೆದಿಟ್ಟರೆ ಅವಳಿಗೆ ಗುಡುಗೂ ಕೇಳಿಸದೆ ಹೋದಾಗ.

ಒಳಗಿವಿಯ ಕಾಕ್ಲಿಯ ಸುಮಾರು ಎರಡೂವರೆ ಸುತ್ತಿನ ಶಂಖದಂತಿದೆ. ಅದರ ಬುಡದಲ್ಲಿ ಎತ್ತರದ ಸ್ಥಾಯಿಯ ಶಬ್ದಗಳಿಗೂ, ತುದಿಯ ಸುರುಳಿಯಲ್ಲಿ ಮಂದ್ರ ಶಬ್ದಗಳಿಗೂ ಜಾಗವಿದೆ. ನನ್ನ ತಂಗಿಯಂತಹವರಲ್ಲಿ ಬುಡ ಸೋತಿದ್ದರೂ ತುದಿ ಕೆಲಸ ಮಾಡುತ್ತಿರುತ್ತದೆ. ಹಾಗಿದ್ದರೆ ಬುಡಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು, ತುದಿಗೆ ಅದೇ ಕಿವಿಯಲ್ಲಿ ಸಾಮಾನ್ಯ ಶ್ರವಣಯಂತ್ರದಿಂದ ಶಬ್ದ ಮುಟ್ಟಿಸಬಹುದೆಂದು ಫ್ರಾಂಕ್‌ಫರ್ಟ್‌ನ ಕ್ರಿಸ್ಟೋಫ್ ಫಾನ್ ಇಲ್ಬರ್ಗ್ ಮತ್ತು ಸಂಗಡಿಗರು 1999ರಲ್ಲೇ ಪ್ರಕಟಿಸಿದ್ದರು. ಇಂಪ್ಲಾಂಟ್ ಮಾತನ್ನು ಚೆನ್ನಾಗಿ ತಲುಪಿಸುತ್ತದೆ, ಆದರೆ ಶ್ರುತಿಯನ್ನು ತಲುಪಿಸುವುದರಲ್ಲಿ ದುರ್ಬಲ. ಉಳಿದಿರುವ ಮಂದ್ರ ಶ್ರವಣವೇ ಹಾಡಿನ ರಾಗವನ್ನೂ, ಸಂತೆಯ ಗದ್ದಲದಲ್ಲಿ ಒಬ್ಬರ ದನಿಯನ್ನು ಇನ್ನೊಬ್ಬರದರಿಂದ ಬೇರ್ಪಡಿಸುವ ಶಕ್ತಿಯನ್ನೂ ಕೊಡುವುದು.

ಇಲ್ಲಿ ಎಲೆಕ್ಟ್ರೋಡಿನ ವಿನ್ಯಾಸ ಮುಖ್ಯವಾಗುತ್ತದೆ. ನೇರವಾದ, ಬಳುಕುವ ಎಲೆಕ್ಟ್ರೋಡ್ ಸುರುಳಿಯ ಹೊರಗೋಡೆಯ ಉದ್ದಕ್ಕೂ ಸಾಗುತ್ತದೆ. ಮೊದಲೇ ಬಾಗಿಸಿಟ್ಟ ಬಗೆಯದು ಸುರುಳಿಯ ನಡುಕಂಬವನ್ನು ಅಪ್ಪಿ ನರಕ್ಕೆ ಹತ್ತಿರ ಕೂರುತ್ತದೆ. ಅದಕ್ಕೆ ಆ ಅನುಕೂಲವಿದ್ದರೂ, ಕೈ ತಪ್ಪಿದರೆ ತುದಿ ಸೂಕ್ಷ್ಮ ಪೊರೆಯನ್ನು ಹರಿದು ಮೇಲಿನ ನಾಳಕ್ಕೆ ಜಾರುವ ಅಪಾಯ ಹೆಚ್ಚು. ಉದ್ದವೂ 10 ಮಿಲಿಮೀಟರ್‌ನಿಂದ 30ಕ್ಕೂ ಹೆಚ್ಚು ಮಿಲಿಮೀಟರ್‌ವರೆಗೆ ಇದೆ. ಗಿಡ್ಡದ್ದು ತುದಿಯ ಸುರುಳಿಯನ್ನು ಮುಟ್ಟುವುದಿಲ್ಲ, ಶ್ರವಣ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಮುಂದೆ ಆ ಶ್ರವಣ ತಾನಾಗಿಯೇ ಕುಂದಿದರೆ ಗಿಡ್ಡ ಎಲೆಕ್ಟ್ರೋಡ್ ಸಾಲದೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಎಲ್ಲರಿಗೂ ಒಂದೇ ಉತ್ತರವಿಲ್ಲ. ಆಡಿಯೋಗ್ರಾಂ, ಸ್ಕ್ಯಾನ್‌ನಲ್ಲಿ ಕಾಣುವ ಕಾಕ್ಲಿಯದ ಅಳತೆ, ಕಿವುಡುತನ ಎಷ್ಟು ಬೇಗ ಏರುತ್ತಿದೆ ಎಂಬುದನ್ನು ನೋಡಿ ಒಬ್ಬೊಬ್ಬರಿಗೂ ತೀರ್ಮಾನಿಸಬೇಕು. ಒಳಗಿವಿಯ ಸಹಜ ತೆಳುಪೊರೆಯ ದ್ವಾರವಾದ ದುಂಡು ಕಿಟಕಿಯ ಮೂಲಕ ನಿಧಾನವಾಗಿ ತೂರಿಸುವುದು, ಸ್ಟೀರಾಯ್ಡ್ ಕೊಡುವುದು, ತೂರಿಸುವಾಗಲೇ ಒಳಗಿವಿಯ ಸ್ಪಂದನವನ್ನು ಅಳೆಯುತ್ತ ಹೋಗುವುದು, ಇವೂ ಈಗ ರೂಢಿಗೆ ಬರುತ್ತಿವೆ.

ಇಷ್ಟೆಲ್ಲ ಮಾಡಿದರೂ ಶ್ರವಣ ಉಳಿಯದೆ ಹೋಗಬಹುದು. ತಿಂಗಳುಗಳ ನಂತರ ಕುಂದುವುದೂ ಉಂಟು. 2014ರ ಮಾರ್ಚ್‌ನಲ್ಲಿ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆಯಾದ ಅಮೆರಿಕದ ಎಫ್‌ಡಿಎ ಇಂತಹ ಒಂದು ಗಿಡ್ಡ ಎಲೆಕ್ಟ್ರೋಡಿನ ಸಾಧನಕ್ಕೆ ಅನುಮತಿ ಕೊಟ್ಟಾಗ, ಪ್ರಯೋಗದಲ್ಲಿದ್ದ 50 ಮಂದಿಯಲ್ಲಿ 22 ಮಂದಿ ಆ ಕಿವಿಯ ಮಂದ್ರ ಶ್ರವಣವನ್ನು ತೀವ್ರವಾಗಿ ಅಥವಾ ಬಹುಪಾಲು ಪೂರ್ತಿಯಾಗಿ ಕಳೆದುಕೊಂಡರೆಂದೂ, ಅವರಲ್ಲಿ 6 ಮಂದಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಾಮಾನ್ಯ ಇಂಪ್ಲಾಂಟ್ ಹಾಕಿಸಿಕೊಂಡರೆಂದೂ ಸಾರ್ವಜನಿಕವಾಗಿ ತಿಳಿಸಿತು. ನಾವು ಕೇಳುವುದೂ ಇಂತಹ ನೇರ ಮಾತನ್ನೇ. ನನ್ನ ತಂಗಿಯ ಶ್ರವಣ ಬೇರೆ ಎಲೆಕ್ಟ್ರೋಡಿನಿಂದ ಉಳಿಯುತ್ತಿತ್ತೆಂದು ನಾನು ವಾದಿಸುತ್ತಿಲ್ಲ. ಅದನ್ನು ಕಳೆದುಕೊಳ್ಳಬಹುದೆಂದು ಅವಳಿಗೆ ಮುಂಚೆಯೇ ಹೇಳಬೇಕಿತ್ತು. ಹೇಗೂ ಕಿವುಡು, ಇನ್ನು ಕಳೆದುಕೊಳ್ಳುವುದೇನಿದೆ ಎಂಬ ಧೋರಣೆ ಆಡಿಯೋಗ್ರಾಂ ನೋಡಿದ ಯಾರಿಗೂ ಒಪ್ಪತಕ್ಕದ್ದಲ್ಲ.

ಅಂಗವಿಕಲರಿಗೆ ನೆರವಿನ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಡಿ ಇಂಪ್ಲಾಂಟ್ ಪಡೆಯುವ ಪುಟ್ಟ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಂದು ಎರಡು ವರ್ಷದ ಮಗು ಮುಂದಿನ ಎಪ್ಪತ್ತು ಎಂಬತ್ತು ವರ್ಷ ಆ ಕಿವಿಯೊಂದಿಗೆ ಬಾಳಬೇಕು, ಬಹುಶಃ ಒಂದಕ್ಕಿಂತ ಹೆಚ್ಚು ಸಲ ಸಾಧನ ಬದಲಿಸಿಕೊಳ್ಳಬೇಕು. ಒಳಗಿವಿಯ ಸೂಕ್ಷ್ಮ ರಚನೆ ಹಾಳಾಗದೆ ಉಳಿದಷ್ಟೂ ಮುಂದಿನ ದಾರಿ ಸುಗಮ. ಸಾಧನ ಖರೀದಿಸುವಾಗ ಬೆಲೆಯ ಜೊತೆಗೆ, ಮಗುವಿಗೆ ತಕ್ಕ ಎಲೆಕ್ಟ್ರೋಡನ್ನು ಆರಿಸಿಕೊಳ್ಳುವ ಅವಕಾಶವೂ ವೈದ್ಯರಿಗೆ ಇರಬೇಕು. ಯಾವ ಬಗೆಯ, ಎಷ್ಟು ಉದ್ದದ ಎಲೆಕ್ಟ್ರೋಡ್, ಅದನ್ನೇ ಏಕೆ ಆರಿಸಲಾಯಿತು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ, ಆದ ತಿಂಗಳ ನಂತರ ಮತ್ತು ವರ್ಷದ ನಂತರ, ಯಂತ್ರವಿಲ್ಲದೆ ಮಾಡಿದ ಶ್ರವಣ ಪರೀಕ್ಷೆಯ ಪ್ರತಿಯನ್ನು ಮನೆಯವರ ಕೈಗೆ ಕೊಡುವುದು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯವಾಗಬೇಕೆಂದು ಆರೋಗ್ಯ ಇಲಾಖೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಓದುಗರೊಬ್ಬರು, ಹಾಸನ