ಶಿರಸಿ ಬಸ್ ಸ್ಟ್ಯಾಂಡಿನ ಅಜ್ಜನಿಗೆ

ಅಜ್ಜಾ, ಕಳೆದ ತಿಂಗಳು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದಿರಿ. ಹೆಸರು ಕೇಳುವಷ್ಟರಲ್ಲಿ ಕುಮಟಾ ಬಸ್ಸು ಬಂತು, ನೀವು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳ ಗೊಂಬೆಮನೆಗೆ ನಾನು ಸಾಮಾನು ಮಾಡುತ್ತಿದ್ದೆ. 1 ಅಡಿಗೆ 1 ಇಂಚಿನ ಲೆಕ್ಕ. 6 ಅಡಿಯ ಬಾಗಿಲು 6 ಇಂಚು, 3 ಅಡಿಯ ಕಡೆಗೋಲು 3 ಇಂಚು. ಮರದ್ದೆಲ್ಲ ಹೇಗೋ ಆಯ್ತು. ದೇವರ ಕೋಣೆಯ ಬೆಂಡಿನ (ಗಿಡದ ಹಗುರ ಬಿಳಿ ತಿರುಳು) ಮಾಲೆ ಮಾತ್ರ ಕೈಗೆ ಹತ್ತಲೇ ಇಲ್ಲ. ಬ್ಲೇಡು ಒತ್ತಿದರೆ ಬೆಂಡು ಪುಡಿಪುಡಿ. ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ಚೀಲದಿಂದ ಇಣುಕುತ್ತಿದ್ದ ಬೆಂಡು ನಿಮ್ಮ ಕಣ್ಣಿಗೆ ಬಿತ್ತು. "ಒತ್ತಬೇಡ ತಂಗಿ, ಎಳಿ" ಅಂದಿರಿ. ಹೊಸ ಬ್ಲೇಡು ತರಿಸಿದಿರಿ. ಬೆಂಡನ್ನು ಬೆರಳಲ್ಲಿ ಉರುಳಿಸುತ್ತಾ ಸುತ್ತಲೂ ಹೆರೆದಿರಿ. ಕಾಗದದಂಥ ಬಿಳಿ ಪಟ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಅದರ ಅಂಚು ಸೀಳಿ, ಸುರುಳಿ ಸುತ್ತಿ, ಬೆಂಕಿಕಡ್ಡಿ ತುದಿಯಲ್ಲಿ ಒಂದು ಚುಕ್ಕೆ ಅಂಟು ಇಟ್ಟಿರಿ. ಅಕ್ಕಿಕಾಳಿನಷ್ಟು ಮಲ್ಲಿಗೆ ಮೊಗ್ಗು! ಗಂಧದ ಕೆತ್ತನೆ, ಬೆಂಡಿನ ಕೆಲಸ ಮಾಡುವ ಗುಡಿಗಾರರ ಮನೆಯವರಾ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಕಿರಿ. ಬಾಸಿಂಗ ಮಾಡಿ ಪಳಗಿದ ಕೈ ಅದು, ನೋಡಿದರೇ ಗೊತ್ತಾಗುತ್ತಿತ್ತು.

ಹತ್ತೇ ನಿಮಿಷ ಕಲಿಸಿದ್ದು. ಈಗ ಮಾಲೆ ಮುಗಿದಿದೆ ಅಜ್ಜಾ, ಒಟ್ಟು 21 ಮೊಗ್ಗು. ಮಗಳು ದಿನಾ ಅದರ ಮುಂದೆ ಕೂತು ನೋಡುತ್ತಾಳೆ. ನೀವು ಮಾಡಿಕೊಟ್ಟ ಮೊಗ್ಗನ್ನು ಮಾತ್ರ ಪೋಣಿಸಲಿಲ್ಲ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್, ಅಜ್ಜಾ.