ಸಾಬು ಹೆಸರಿನಲ್ಲಿ ಕಾರ್ಟೂನ್ ತೋರಿಸಿದರು

ಮಾನ್ಯ ಸಂಪಾದಕರೇ,

ನಿನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಮಾವುತನ ಮಗನಾಗಿ ಹುಟ್ಟಿ ಹಾಲಿವುಡ್ ನಟನಾದ ನಮ್ಮ ಜಿಲ್ಲೆಯ ಸಾಬು ಸ್ಮರಣೆ ಕಾರ್ಯಕ್ರಮದ ವರದಿ ಬಂದಿದೆಯಲ್ಲ, ಅದನ್ನು ಓದಿ ಮೈಯೆಲ್ಲ ಉರಿಯಿತು. 'ಅರ್ಥಪೂರ್ಣವಾಗಿ ನಡೆಯಿತು' ಅಂತ ಬರೆದಿದ್ದೀರಿ. ನಿಮ್ಮ ವರದಿಗಾರರು ಬಂದಿದ್ದು ಊಟದ ಹೊತ್ತಿಗೆ. ವೇದಿಕೆ ಮೇಲಿದ್ದವರ ಹೆಸರು ಬರೆದುಕೊಂಡು, ದೀಪ ಬೆಳಗಿಸುವ ಫೋಟೊ ಇಸಿದುಕೊಂಡು ಹೊರಟುಹೋದರು. ನಾನು ಬೆಳಿಗ್ಗೆಯಿಂದ ಕತ್ತಲಾಗುವವರೆಗೂ ಅಲ್ಲೇ ಇದ್ದವನು. ಅಲ್ಲಿ ಏನಾಯಿತು ಅಂತ ನನ್ನಿಂದ ಕೇಳಿ.

ವೇದಿಕೆ ಹಿಂದೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ನಮ್ಮ ಹೆಮ್ಮೆಯ ಸಾಬು'. ಮೇಲಿದ್ದ ಮುಖ ಸಾಬುದೇ ಅಲ್ಲ! ಅದು 1994ರಲ್ಲಿ ಬಂದ ಜಂಗಲ್ ಬುಕ್ ಚಿತ್ರದ ನಾಯಕ ಜೇಸನ್ ಸ್ಕಾಟ್ ಲೀ ಅವರ ಮುಖ. ಸಾಬು ತೀರಿಕೊಂಡಿದ್ದು 1963ರಲ್ಲಿ. ಜೇಸನ್ ಹುಟ್ಟಿದ್ದೇ ಆಮೇಲೆ. ಬದುಕಿರುವ ನಟನ ಚಿತ್ರಕ್ಕೆ ಗಂಧದ ಹಾರ ಹಾಕಿ, ಊದುಬತ್ತಿ ಹಚ್ಚಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಹತ್ತಿರ ಹೋಗಿ ಒಬ್ಬರಿಗೆ ಹೇಳಿದೆ. 'ಆಯ್ತು ಸಾರ್, ಕೂತ್ಕೊಳ್ಳಿ, ಸಾಹೇಬ್ರು ಬರ್ತಿದ್ದಾರೆ' ಅಂದರು.

ಸಾಹೇಬರು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಅಂತ ಇತ್ತು. ಅಷ್ಟು ಹೊತ್ತೂ ಶಾಲೆಯ ಮಕ್ಕಳು ನೆಲದ ಮೇಲೆ. ಮುಂದಿನ ಕುರ್ಚಿಗಳಿಗೆಲ್ಲ 'ಗಣ್ಯರಿಗೆ' ಅಂತ ಚೀಟಿ. ಆದಿವಾಸಿ ಹಾಡಿಯಿಂದ ಒಬ್ಬ ಹಿರಿಯರು ಬಂದಿದ್ದರು, ಆನೆ ಕಾವಾಡಿಯಾಗಿ, ಅಂದರೆ ಮಾವುತನ ಸಹಾಯಕನಾಗಿ ಕೆಲಸ ಮಾಡಿದವರು. ಅವರನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಮಾವುತನ ಮಗನ ನೆನಪಿಗೆ ಮಾಡುವ ಕಾರ್ಯಕ್ರಮದಲ್ಲಿ ಕಾವಾಡಿಗೆ ಕುರ್ಚಿ ಇಲ್ಲ! ನಾನೇ ಎದ್ದು ನನ್ನ ಕುರ್ಚಿ ಕೊಟ್ಟೆ. ಕೂತವರು ಮೆಲ್ಲಗೆ ಕೇಳಿದರು, 'ಈ ಪಟದಾಗೆ ಇರೋರು ಯಾರು ಸ್ವಾಮಿ, ನಮ್ಮ ಕಡೆಯೋರ್ ಥರ ಕಾಣಾಕಿಲ್ವಲ್ಲ.' ಅವರಿಗೆ ಗೊತ್ತಾಯಿತು. ಕಾರ್ಯಕ್ರಮ ಮಾಡಿದ ಇಲಾಖೆಗೆ ಗೊತ್ತಾಗಲಿಲ್ಲ.

ಇನ್ನು ಭಾಷಣ. ಸಾಬು ಲಂಡನ್ನಿಗೆ ಹೋಗಿ, ಅಲ್ಲಿ ಅವಕಾಶ ಸಿಗದೆ ವಾಪಸ್ ಬಂದು ಮೈಸೂರಿನಲ್ಲೇ ಕೊನೆಯುಸಿರೆಳೆದರು ಅಂತ ಮುಖ್ಯ ಅತಿಥಿಗಳು ಹೇಳಿದರು. ನೀವು ಅದನ್ನೇ ಅಚ್ಚು ಹಾಕಿದ್ದೀರಿ. ಒಬ್ಬರಾದರೂ ಒಂದು ಸಲ ನೋಡಬಾರದಾ? ಎಲ್ಲರ ಜೇಬಿನಲ್ಲೂ ಫೋನ್ ಇದೆ.

ಬರೆದುಕೊಳ್ಳಿ. ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ನಮ್ಮ ಜಿಲ್ಲೆಯ ಕಾರಾಪುರದಲ್ಲಿ. ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ಬೇಗ ಹೋದ ಮೇಲೆ ಹುಡುಗ ಅರಮನೆಯ ಆನೆ ಲಾಯದಲ್ಲೇ ಬೆಳೆದ. 'ಎಲಿಫೆಂಟ್ ಬಾಯ್' ಚಿತ್ರ ಮಾಡಲು ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಅವರ ತಂಡದ ಕಣ್ಣಿಗೆ ಬಿದ್ದ. ಹೊರಗಿನ ಬಹುಪಾಲು ದೃಶ್ಯಗಳು ನಮ್ಮ ಕಾಡಿನಲ್ಲಿ, ಉಳಿದದ್ದು ಲಂಡನ್ನಿನ ಸ್ಟುಡಿಯೊದಲ್ಲಿ. 1937ರಲ್ಲಿ ಆ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಸಾಬುಗೆ ಆಗ ಹದಿಮೂರು ವರ್ಷ. ನಟನೆ ಅನ್ನುವುದನ್ನು ಯಾರೂ ಕಲಿಸಿರಲಿಲ್ಲ. ಆನೆಯ ಸೊಂಡಿಲು ಹಿಡಿದು ಮೇಲೆ ಹತ್ತುವುದನ್ನು ಒಂದು ಸಲ ನೋಡಿ, ಅದು ಅಭಿನಯ ಅಲ್ಲ, ಆ ಹುಡುಗನ ದಿನದ ಕೆಲಸ ಅಂತ ಗೊತ್ತಾಗುತ್ತದೆ.

ಅವಕಾಶ ಸಿಗಲಿಲ್ಲ ಅಂತೆ. 1940ರ 'ಥೀಫ್ ಆಫ್ ಬಾಗ್ದಾದ್' ಮೂರು ಆಸ್ಕರ್ ತೆಗೆದುಕೊಂಡಿತು, ಅದರಲ್ಲಿ ಕಳ್ಳ ಅಬು ಆಗಿದ್ದವರು ಸಾಬು. ಲಂಡನ್ನಿನಲ್ಲಿ ಶುರುವಾದ ಆ ಚಿತ್ರ ಯುದ್ಧದ ಕಾರಣ ಅಮೆರಿಕದಲ್ಲಿ ಮುಗಿಯಿತು. ಸಾಬು ಅಲ್ಲೇ ನಿಂತರು. 1942ರಲ್ಲಿ ಜಂಗಲ್ ಬುಕ್‌ನಲ್ಲಿ ಮೌಗ್ಲಿ. ಆಮೇಲೆ ಹಾಲಿವುಡ್‌ನ ದೊಡ್ಡ ಸ್ಟುಡಿಯೊದಲ್ಲಿ ಮರಿಯಾ ಮಾಂಟೆಜ್, ಜಾನ್ ಹಾಲ್ ಜೊತೆ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್'. 1944ರಲ್ಲಿ ಅಮೆರಿಕದ ಪೌರರಾದರು. ಭಾರತೀಯರಿಗೆ ಅಲ್ಲಿ ಪೌರತ್ವದ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲ ಅದು, ಕಾನೂನು ಸಡಿಲವಾಗಿದ್ದು 1946ರಲ್ಲಿ. ಹೆಸರು, ದುಡ್ಡು ಎಲ್ಲ ಇದ್ದ ಇಪ್ಪತ್ತರ ಹುಡುಗ ಶೂಟಿಂಗ್ ಬಿಟ್ಟು ವಾಯುಪಡೆಗೆ ಹೋದರು. ಪೆಸಿಫಿಕ್ ಸಮುದ್ರದ ಮೇಲೆ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹಾರಿದರು, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ಇದರಲ್ಲಿ ಒಂದು ಸಾಲೂ ಭಾಷಣದಲ್ಲಿ ಇರಲಿಲ್ಲ. ಮಕ್ಕಳಿಗೆ ಹೇಳಬೇಕಾಗಿದ್ದು ಇದೇ ಅಲ್ವಾ?

ಯುದ್ಧದಿಂದ ಬಂದ ಮೇಲೆ ಕಷ್ಟ ಶುರುವಾಯಿತು, ನಿಜ. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು, ಆಮೇಲೆ ಮತ್ತೆ ಅದೇ ಕಾಡು, ಅದೇ ಆನೆ, ಅದೇ ಪೇಟ. ವಯಸ್ಸು ಮೂವತ್ತಾದರೂ ಹಾಲಿವುಡ್‌ಗೆ ಅವರು ಹುಡುಗನೇ. ಇದು ಅಲ್ಲಿಯವರು ಮಾಡಿದ ಅನ್ಯಾಯ ಅಂತ ನನ್ನ ಅಭಿಪ್ರಾಯ. ಸರ್ಕಸ್ಸಿನಲ್ಲೂ ಆನೆಗಳ ಜೊತೆ ಕೆಲಸ ಮಾಡಿದರು. ಟಿವಿಗೆ ಅಂತ ಶುರುಮಾಡಿದ 'ಸಾಬು ಆ್ಯಂಡ್ ದ ಮ್ಯಾಜಿಕ್ ರಿಂಗ್' ಕೊನೆಗೆ 1957ರಲ್ಲಿ ಸಿನಿಮಾ ಆಗಿ ಬಂತು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಕರೆಸಬೇಕು ಅಂತಿದ್ದರು, ಇಲ್ಲಿ ಕೆಲಸ ಮಾಡಲು ಪರ್ಮಿಟ್ ಸಿಗಲಿಲ್ಲ, ಪಾತ್ರ ಸುನಿಲ್ ದತ್ ಅವರಿಗೆ ಹೋಯಿತು. ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸದೆ 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಹೋದರು. ಮೂವತ್ತೊಂಬತ್ತು ವಯಸ್ಸು. ಹೆಂಡತಿ, ಇಬ್ಬರು ಮಕ್ಕಳು. ಡಿಸ್ನಿಯವರಿಗೆ ಮಾಡಿದ ಕೊನೆಯ ಚಿತ್ರ ಮರುವರ್ಷ ತೆರೆಗೆ ಬಂತು. ಸಮಾಧಿ ಇರುವುದು ಹಾಲಿವುಡ್ ಬೆಟ್ಟದ ಫಾರೆಸ್ಟ್ ಲಾನ್‌ನಲ್ಲಿ, ಮೈಸೂರಿನಲ್ಲಿ ಅಲ್ಲ. ಹಾಲಿವುಡ್ ಬೀದಿಯ ಕಾಲುದಾರಿಯಲ್ಲಿ ಅವರ ಹೆಸರಿನ ನಕ್ಷತ್ರ ಇದೆ. ನಾನು ಕಾರಾಪುರದ ಕಡೆ ಓಡಾಡುವ ದಾರಿಯಲ್ಲಿ ರೆಸಾರ್ಟುಗಳ ಬೋರ್ಡು ಸಾಲುಸಾಲಾಗಿ ಕಾಣುತ್ತವೆ, ಸಾಬು ಹೆಸರು ಕಂಡಿಲ್ಲ.

ಈಗ ಸಿನಿಮಾ ವಿಷಯಕ್ಕೆ ಬರುತ್ತೇನೆ. ಆಹ್ವಾನದಲ್ಲಿ '1942ರ ಜಂಗಲ್ ಬುಕ್ ಪ್ರದರ್ಶನ' ಅಂತ ಅಚ್ಚಾಗಿತ್ತು. ನಾನು ಮಂಡಿನೋವು ಇಟ್ಟುಕೊಂಡು, ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೇ ಅದಕ್ಕೆ. ಭಾಷಣ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಪರದೆ ಇಳಿಸಿದಾಗ ನಾಲ್ಕೂವರೆ. ಕರೆಂಟ್ ಹೋಯಿತು. ಜನರೇಟರ್‌ಗೆ ಡೀಸೆಲ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಶುರುವಾಗಿದ್ದು ಏನು? 1967ರ ಕಾರ್ಟೂನ್! ಕರಡಿ ಕುಣಿಯುತ್ತಿದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದಾರೆ, ಸಾಬು ಎಲ್ಲೂ ಇಲ್ಲ. ಎದ್ದು ನಿಂತು ಕೂಗಿದೆ. ಇಲಾಖೆಯ ಅಧಿಕಾರಿಯೊಬ್ಬರು ನಗುತ್ತಾ 'ಎರಡೂ ಜಂಗಲ್ ಬುಕ್ಕೇ ಅಲ್ವಾ ಸಾರ್, ಪೆನ್‌ಡ್ರೈವ್‌ನಲ್ಲಿ ಬಂದಿದ್ದು ಇದೇ, ಮಕ್ಕಳು ಖುಷಿಯಾಗಿದ್ದಾರೆ ಬಿಡಿ' ಅಂದರು. 1942ರ ಚಿತ್ರ ಇಂಟರ್ನೆಟ್‌ನಲ್ಲಿ ಸುಮ್ನೆ ಸಿಗುತ್ತೆ. ಒಂದು ರೂಪಾಯಿ ಖರ್ಚಿಲ್ಲ. ಹುಡುಕುವ ಮನಸ್ಸು ಬೇಕಿತ್ತು, ಅಷ್ಟೇ. ಆ ಕಾವಾಡಿ ಹಿರಿಯರು ಆನೆ ನೋಡಬೇಕು ಅಂತ ಕಾದು ಕೂತಿದ್ದರು. ಕಾರ್ಟೂನಿನ ಆನೆ ಕಂಡು ಎದ್ದು ಹೋದರು.

ಆಚೆ ಬಂದರೆ ಕಡೆ ಬಸ್ಸು ಹೋಗಿತ್ತು. ಬೆಳಿಗ್ಗೆಯಿಂದ ಕುಡಿಯಲು ನೀರಿಲ್ಲ, ಸಕ್ಕರೆ ಕಾಯಿಲೆಯವನು ನಾನು, ಊಟದ ಕೂಪನ್ ಗಣ್ಯರಿಗೆ ಮಾತ್ರ ಅಂದರು. ಆಟೊದವನು ಬಾಯಿಗೆ ಬಂದಷ್ಟು ಕೇಳಿದ, ಕೊಟ್ಟೆ. ಅವನನ್ನೂ ಬೈಯುವ ಹಾಗಿಲ್ಲ, ಆ ರಸ್ತೆಯಲ್ಲಿ ಗಾಡಿ ಓಡಿಸಿದರೆ ಗೊತ್ತಾಗುತ್ತೆ. ರಸ್ತೆಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ವಾಚನಾಲಯದ ಮಾಡು ಸೋರಿ ಹಳೆಯ ಪತ್ರಿಕೆಗಳ ಸಂಪುಟಗಳೆಲ್ಲ ಒದ್ದೆಯಾದಾಗ ಆಗಿದ್ದ ಅಧಿಕಾರಿಗಳು 'ಎಸ್ಟಿಮೇಟ್ ಹೋಗಿದೆ' ಅಂದಿದ್ದರು. ಅದೆಲ್ಲಿಗೆ ಹೋಯಿತೋ. ಅವರು ವರ್ಗವಾಗಿ ಬೇರೆಯವರು ಬಂದು, ಅವರೂ ಅದನ್ನೇ ಹೇಳಿ ಹೋದರು. ಹಬ್ಬಕ್ಕೆ ಮೊದಲು ಹಾಕಿಸಿದ ಬೀದಿದೀಪ ಹಬ್ಬ ಮುಗಿಯುವ ಮೊದಲೇ ಕೆಟ್ಟಿತು. ಕೇಳಿದರೆ ಎಲ್ಲರೂ ಮೇಲೆ ತೋರಿಸುತ್ತಾರೆ. ಮೇಲೆ ಇರುವುದು ಯಾರು?

ನಿಮ್ಮ ಪತ್ರಿಕೆ ನಾಳೆಯೇ ತಿದ್ದುಪಡಿ ಹಾಕಬೇಕು, ಸಾಬು ಅವರದೇ ಫೋಟೊ ಹಾಕಬೇಕು. ಇಲಾಖೆಯವರು ಮಕ್ಕಳನ್ನು ಮತ್ತೆ ಕರೆಸಿ ನಿಜವಾದ ಚಿತ್ರ ತೋರಿಸಬೇಕು, ಇಲ್ಲವೇ ಈ ಕಾರ್ಯಕ್ರಮವನ್ನೇ ನಿಲ್ಲಿಸಬೇಕು. ಆ ಫ್ಲೆಕ್ಸ್ ಈಗಲೂ ಅಲ್ಲೇ ನೇತಾಡುತ್ತಿದೆ, ಮೊದಲು ಅದನ್ನು ಇಳಿಸಿ. ರಸ್ತೆಯನ್ನೂ ನೋಡಿ. ದುಡ್ಡು ಜನರದ್ದು, ಹೆಸರು ಸಾಬುದು, ಶಾಲು ನಿಮಗೆ. ನಾಚಿಕೆ ಆಗಬೇಕು ನಿಮಗೆಲ್ಲ!

ನಿವೃತ್ತ ಶಿಕ್ಷಕ,
ಮೈಸೂರು ಜಿಲ್ಲೆ